ದಾಟುವವರ ಕಡೆಯಿಂದ

ಗೋಪನಕೊಪ್ಪದ ಫಿಜಾ ಸಾರಿಗೆ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಓದುತ್ತಿದ್ದಳು. ಆ ವರ್ಷ ಒಂದು ಪ್ರತಿಷ್ಠಾನ ಸಾರಿಗೆ ಸಂಶೋಧನೆಗೆ ಫೆಲೋಶಿಪ್ ಕರೆದಿತ್ತು. ಅವಳ ಗೈಡ್ ಬಸವಪ್ರಭು ಸರ್ ಕರೆದು ಹೇಳಿದರು:

"ಡ್ರೈವರ್ ಇಲ್ಲದ ಕಾರಿನ ಮ್ಯಾಲೆ ಬರಿಯವಾ. ಈಗ ಅದಕ್ಕ ಭಾಳ ಕಿಮ್ಮತ್ತದ."

ಫಿಜಾ ಒಪ್ಪಲಿಲ್ಲ. ಅವಳ ಅಮ್ಮಿ ಅಮೀನಾಬಿ ತಾರಿಹಾಳದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಬಸ್ಸು ಇಳಿಸುವುದು ದೊಡ್ಡ ರಸ್ತೆಯ ಈಚೆ, ಕಾರ್ಖಾನೆ ಇರುವುದು ಆಚೆ. ಲಾರಿಗಳ ನಡುವೆ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಓಡುತ್ತಿದ್ದರು. ಹಾಗೆ ಓಡುವಾಗಲೇ ಅಮೀನಾಬಿಯ ಗೆಳತಿ ಶರಣವ್ವನ ಕಾಲು ಮುರಿದಿತ್ತು. ಫಿಜಾ ಅರ್ಜಿಯಲ್ಲಿ ಬರೆದದ್ದು ಆ ಹೆಂಗಸರು ರಸ್ತೆ ದಾಟುವ ಬಗ್ಗೆ.

ಸಂದರ್ಶನ ಧಾರವಾಡದಲ್ಲಿ ನಡೆಯಿತು. ಆಯ್ಕೆ ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು:

"ಒಂದು ಪಾದಚಾರಿ ಸೇತುವಿ ಕಟ್ಟಿದ್ರ ಮುಗೀತಲ್ಲವಾ? ಇದರಾಗ ಸಂಶೋಧನಾ ಏನದ?"

ಫಿಜಾ ಅವರನ್ನೇ ನೋಡುತ್ತ ಹೇಳಿದಳು:

"ಕಟ್ಟಬಹುದ್ರಿ ಸರ್. ಆದ್ರ ಪಾಳಿ ತಪ್ಪೀತು ಅನ್ನೋ ಗಡಿಬಿಡ್ಯಾಗ ಅದನ್ನ ಯಾರೂ ಹತ್ತೋದಿಲ್ಲ. ನಾನೂ ಅವರ ಜೋಡಿ ದಾಟಿ ನೋಡೇನ್ರಿ. ಗಾಡಿ ಎಷ್ಟು ಜೋರ ಹೋಗ್ತಾವ ಅಂತ ಎಲ್ಲಾರೂ ಅಳೀತೇವಿ. ನಿಂತವರು ಎಷ್ಟೊತ್ತು ನಿಂತ್ರು, ಯಾವಾಗ ತಾಳ್ಮಿಗೆಟ್ಟು ಓಡಿದ್ರು? ಅದನ್ನ ಅಳೀಬೇಕ್ರಿ. ಆಮ್ಯಾಲ ಬಸ್ ಎಲ್ಲಿ ನಿಲ್ಲಬೇಕು, ದಾರಿ ಎಲ್ಲಿರಬೇಕು ಅಂತ ಹೇಳಾಕ ಬರ್ತದ."

ಹಿರಿಯರು ತಲೆದೂಗಿದರು.

ಫಲಿತಾಂಶ ಬಂದ ದಿನ ಬಸವಪ್ರಭು ಸರ್ ಫೋನಿನಲ್ಲೇ ಜೋರಾಗಿ ನಕ್ಕರು. "ನನ್ನ ಮಾತು ನೀ ಕೇಳದಿದ್ದದ್ದ ಛಲೋ ಆತು ನೋಡು! ನಮ್ಮ ಕಾಲೇಜಿಗೆ ಈ ಫೆಲೋಶಿಪ್ ತಂದ ಮೊದಲನೇದಾಕಿ ನೀನ."

ಫೆಲೋಶಿಪ್ ಅಂದರೇನೆಂದು ಅಮೀನಾಬಿಗೆ ಬಿಡಿಸಿ ಹೇಳಬೇಕಾಯಿತು. ಎಲ್ಲ ಕೇಳಿಸಿಕೊಂಡು ಅವಳು ಮಗಳ ಗಲ್ಲ ಸವರಿದಳು. "ಅಂದ್ರ ಇನ್ನ ನೀ ನಮ್ಮ ರಸ್ತಾನ ಓದಾಕಿ?"

"ಹೌದು ಅಮ್ಮಿ. ನಿಮ್ಮನ್ನೂ."

ಮುಂದಿನ ತಿಂಗಳು ಫಿಜಾ ಕ್ಯಾಮೆರಾ ತೆಗೆದುಕೊಂಡು ತಾರಿಹಾಳಕ್ಕೆ ಹೋದಳು. ಪಾಳಿ ಮುಗಿಸಿ ಬಂದ ಹೆಂಗಸರು ಸುತ್ತುಗಟ್ಟಿದರು. ಒಬ್ಬಳು ಕುಡಿಯಲು ನೀರು ಕೊಟ್ಟಳು, ಇನ್ನೊಬ್ಬಳು ಗಾಳಿಗೆ ಅಲುಗುತ್ತಿದ್ದ ಸ್ಟ್ಯಾಂಡ್ ಹಿಡಿದು ನಿಂತಳು. ಲಾರಿ ಡ್ರೈವರನೊಬ್ಬ ವೇಗ ತಗ್ಗಿಸಿ ಕೂಗಿದ: "ಏನ್ ಶೂಟಿಂಗ್ರೀ? ಯಾರ್ ಆಕಿ?"

ಅಮೀನಾಬಿ ಸೆರಗು ಸರಿಮಾಡಿಕೊಂಡು, ರಸ್ತೆಯ ಆಚೆಗೂ ಕೇಳುವಂತೆ ಹೇಳಿದಳು:

"ನನ್ನ ಮಗಳ್ರಿ, ಇಂಜಿನಿಯರ್! ನಮಗೊಂದು ದಾರಿ ಹುಡುಕಾಕತ್ತಾಳ. ನೀವು ಸಾವಕಾಶ ಹೋಗ್ರಿ!"