ಮಯೂರಿಯ ಆಕಳಿಕೆ

ಮಂಠಾಳದ ಮಯೂರಿ ಆಕಳಿಸಿದ ಸಂಗತಿಯನ್ನು ಇಲ್ಲಿ ಗಂಭೀರವಾಗಿ ದಾಖಲಿಸಬೇಕಾಗಿದೆ. ಬಸವಕಲ್ಯಾಣದ ಪಿಯು ಕಾಲೇಜಿನ ಗ್ರೂಪ್ ಫೋಟೋ ತೆಗೆಯುವ ಕ್ಷಣಕ್ಕೆ ಸರಿಯಾಗಿ, ಎರಡನೇ ಸಾಲಿನ ನಟ್ಟನಡುವೆ, ಆಕೆ ಬಾಯಿ ಪೂರ್ತಿ ತೆರೆದಳು. ಆ ಊರಿನ ಚರಿತ್ರೆಯಲ್ಲಿ ಇಷ್ಟು ಜನ ನೋಡಿದ ಆಕಳಿಕೆ ಮತ್ತೊಂದಿಲ್ಲ.

ಮೊದಲ ದಿನ ಯಾವ ಹಾನಿಯೂ ಆಗಲಿಲ್ಲ. ಸಂಜೆ ಬಸ್ಸಿನಲ್ಲಿ ಮಂಠಾಳದವನೇ ಆದ, ಅದೇ ತರಗತಿಯ ಧನರಾಜ ಶುರು ಮಾಡಿದ:

"ಏ ಮೊಸಳಿ, ಬಾಯಿ ಮುಚ್ಕೋ. ಬಸ್ಸ ಒಳಗ ಹೋದೀತು."

"ಹೋಗ್ಲಿ ಬಿಡು. ಮಂದೀನೆಲ್ಲಾ ನುಂಗತೀನಿ, ನಿನ್ನ ಅಷ್ಟ ಉಗಳ್ತೀನಿ. ಯಾರಿಗೆ ಬೇಕಾಗ್ಯಾದ ಆ ರುಚಿ!"

ಕಂಡಕ್ಟರೂ ನಕ್ಕ. ಧನರಾಜನ ಕಿವಿ ಕೆಂಪಾದವು. ಮಂಠಾಳ ಬಂತು, ಇಬ್ಬರೂ ಇಳಿದರು, ಜಗಳ ಮುಗಿಯಿತು.

ಸೋತವನಿಗೆ ಫೋನು ಇರಬಾರದು. ಮರುದಿನ ಧನರಾಜ ಫೋಟೋದಿಂದ ಆಕೆಯ ಬಾಯ್ತೆರೆದ ಮುಖವನ್ನಷ್ಟೇ ಕತ್ತರಿಸಿ, ಸುತ್ತ ಗುಲಾಬಿ ಅಂಟಿಸಿ, ಹಿಂದೆ ಸೂರ್ಯನನ್ನು ಹುಟ್ಟಿಸಿ, ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ಮೊಸಳಿ' ಎಂದು ಬರೆದು ತರಗತಿಯ ವಾಟ್ಸಾಪ್ ಗ್ರೂಪಿಗೆ ಬಿಟ್ಟ. ನಗುವ ಮುಖಗಳು ಸಾಲುಗಟ್ಟಿದವು. ತರಗತಿಯಲ್ಲಿ ಮಾತ್ರ ಯಾರೂ ಅದರ ಸುದ್ದಿ ಎತ್ತಲಿಲ್ಲ. ಪೆನ್ನು ಕೇಳಿದವರೂ ನಯವಾಗಿ ಕೇಳಿದರು. ಪ್ರತಿ ಮುಖದ ಹಿಂದೆಯೂ ಮಯೂರಿಗೆ ಆ ಸೂರ್ಯನೇ ಕಂಡ.

ಮನೆಯಲ್ಲಿದ್ದದ್ದು ಒಂದೇ ಫೋನು, ಅದು ತಾಯಿ ಕಾಂತಾಬಾಯಿಯದು. ತರಗತಿಯ ಗ್ರೂಪೂ ಅದರಲ್ಲೇ. ಆಕೆಗೆ ಇಂಗ್ಲಿಷ್ ಬಾರದು. ಸೂರ್ಯ, ಗುಲಾಬಿ, ನಡುವೆ ಮಗಳು: ದಿನ ಬೆಳಗಾದರೆ ಬರುವ ಶುಭೋದಯಗಳಿಗಿಂತ ಇದು ಎಷ್ಟೋ ವಾಸಿ ಎನಿಸಿ, ನೆಂಟರ ಗ್ರೂಪಿಗೆಲ್ಲ ಕಳಿಸಿದಳು. ಹುಮನಾಬಾದಿನಲ್ಲಿ ತಂಗಿ ರತ್ನಮಾಲಾಳ ಮಕ್ಕಳು ಅದನ್ನು ತಮ್ಮ ಶಾಲೆಗೆ ದಾಟಿಸಿದರು.

ಮಯೂರಿ ಹೊಟ್ಟೆನೋವು ಎಂದು ಮಲಗಿದಳು. ಕಾಲೇಜು ಬಿಡುತ್ತೇನೆ ಎಂದಳು.

ನಾಲ್ಕು ದಿನ ಬಸ್ಸಿನಲ್ಲಿ ಜಗಳಕ್ಕೆ ಜನವಿಲ್ಲದೆ ಧನರಾಜನೇ ಮನೆಗೆ ಬಂದ. ಕಾಂತಾಬಾಯಿ ಚಹಾ ಕೊಟ್ಟು ಫೋನು ಹಿಡಿದಳು.

"ನೋಡ್ ತಮ್ಮಾ, ನಮ್ ಹುಡುಗೀದು ಎಷ್ಟ್ ಛಂದ ಮಾಡ್ಯಾರ! ಯಾರ ಮಾಡ್ಯಾರೋ, ಅವರ ಹೊಟ್ಟಿ ತಂಪಿರಲಿ."

ಧನರಾಜ ಚಹಾ ಕೆಳಗಿಟ್ಟ. "ಕಾಕು... ನಾನ ಮಾಡೀನ್ರಿ. ಛಂದ ಅಂತ ಅಲ್ರಿ. ಮೊಸಳಿ ಅಂತ ಬರದೀನಿ."

ಕಾಂತಾಬಾಯಿ ಚಿತ್ರವನ್ನು ಮತ್ತೊಮ್ಮೆ ನೋಡಿದಳು. "ಅಯ್ಯ, ನನ್ನ ಕೈಯಾರೆ ನಾನ ಊರಿಗೆಲ್ಲಾ ಹಂಚೀನಲ್ಲೋ!"

ಒಳಗಿನಿಂದ ಮಯೂರಿ ಹೊರಬಂದಳು. "ಈಗ ಅನ್ನು, ಮೊಸಳಿ ಅಂತ."

ಅವನು ನೆಲ ನೋಡಿದ. "ಅಳಿಸೀನಿ."

"ನಿನ್ನ ಫೋನಿಂದ ಅಳಿಸೀದಿ. ಬಸ್ಸಿನಾಗ ನೀ ಅಂದ್ರ ನಾ ತಿರುಗಿ ಅಂತಿದ್ದೆ. ಈಗ ಯಾರಿಗನ್ಲಿ? ಹುಮನಾಬಾದಿಗೆ ಹೋಗಿ ಒಂದೊಂದ ಬಾಗಿಲಾ ಬಡೀಲೇನು?"

ಕಾಂತಾಬಾಯಿ ಅಷ್ಟರಲ್ಲಿ ತಂಗಿಗೆ ಫೋನು ಹಚ್ಚಿ ಅವನ ಕೈಗೆ ತುರುಕಿದ್ದಳು. "ತಪ್ಪಾತು ಅನ್ನು."

"ಮೌಶಿ, ಆ ಚಿತ್ರ ನಾ ಮಾಡೀನ್ರಿ, ತಪ್ಪಾತ್ರಿ."

"ಯಾವ ಚಿತ್ರೋ?" ರತ್ನಮಾಲಾಳ ದನಿ ಉತ್ಸಾಹದಿಂದ ಬಂತು. "ನಾ ನೋಡೇ ಇಲ್ಲ. ತಡಿ, ಈಗ ತಗದು ನೋಡ್ತೀನಿ."

ಮಯೂರಿ ಫೋನು ಕಸಿದುಕೊಂಡಳು. "ಸಾಕು ಮಾಡ್ರಿ! ಧನರಾಜ, ನೀ ಸೋಮವಾರ ಕ್ಲಾಸಿನಾಗ ನಿಂತು ಹೇಳು. ನಾನೂ ಬರ್ತೀನಿ."

ಸೋಮವಾರ ಧನರಾಜ ಎದ್ದು ನಿಂತು ಹೇಳಿದ. ಮೂವರು ನಕ್ಕರು. ಯಾವ ಮೂವರೆಂದು ಮಯೂರಿ ಕಣ್ಣಾರೆ ನೋಡಿದಳು, ಮಧ್ಯಾಹ್ನದೊಳಗೆ ಮೂವರಿಗೂ ಉತ್ತರ ಕೊಟ್ಟಳು.

ಆ ಚಿತ್ರ ಹುಮನಾಬಾದಿನಲ್ಲಿ ಇನ್ನೂ ಓಡಾಡುತ್ತಿದೆ. ಮಯೂರಿ ಕಾಲೇಜಿಗೆ ಹೋಗುತ್ತಿದ್ದಾಳೆ.