ಎಂಟು ಹಲ್ಲು ಉದ್ದ, ಎಂಟು ಹಲ್ಲು ಅಗಲ

ತೀರ್ಪುಗಾರ್ತಿ ಇನ್ನೂ ಮೂರು ಮೇಜು ದೂರದಲ್ಲಿದ್ದರು. ಅಣ್ಣನ ಪಕ್ಕ ನಿಂತಿದ್ದ ತಂಗಿಯ ಕಣ್ಣು ಆಗಲೇ ಅವರ ಕೈಯ ಚಿಮುಟದ ಮೇಲಿತ್ತು.

ಆಟದ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಪುಟ್ಟ ದೃಶ್ಯ ಕಟ್ಟುವವರ ಪ್ರದರ್ಶನ ಅದು. ನಿಯಮ ಎರಡೇ. ಒಂದು, ದೃಶ್ಯ ಎಂಟಕ್ಕೆಂಟು ಉಬ್ಬುಗಳ ಹಲಗೆಯೊಳಗೆ ಮುಗಿಯಬೇಕು. ಅಂಗೈಗಿಂತ ಚಿಕ್ಕ ಜಾಗ, ಅದರಲ್ಲಿ ಯಾರದೋ ಬದುಕಿನ ಒಂದು ಗಳಿಗೆ, ಹಿಂದೆ ಅದರದೇ ಒಂದು ದೊಡ್ಡ ಫೋಟೋ. ಎರಡು, ಅಂಟು ಹಾಕುವಂತಿಲ್ಲ. ಇಟ್ಟಿಗೆ ಇಟ್ಟಿಗೆಯನ್ನು ಕಚ್ಚಿಕೊಂಡೇ ನಿಲ್ಲಬೇಕು. ಇದನ್ನು ಪರೀಕ್ಷಿಸಲು ತೀರ್ಪುಗಾರ್ತಿ ಪ್ರತಿ ಮೇಜಿನಲ್ಲೂ ತಮಗೆ ತೋಚಿದ ಒಂದು ತುಂಡನ್ನು ಚಿಮುಟದಿಂದ ಕಿತ್ತು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅಲ್ಲೇ ಕೂರಿಸುತ್ತಿದ್ದರು. ತುಂಡು ಬರದಿದ್ದರೆ ಮೇಜಿನ ಹೆಸರು ಪಟ್ಟಿಯಿಂದ ಹೋಯಿತು ಅಂತಲೇ ಲೆಕ್ಕ.

ಅಣ್ಣನ ದೃಶ್ಯದಲ್ಲಿ ಮೂರು ತುಂಡು ಬರುವಂಥವಲ್ಲ. ಅದು ತಂಗಿಗೆ ಮಾತ್ರ ಗೊತ್ತು. ಅಂಟು ಹಾಕಿದವಳು ಅವಳೇ.

ಅಣ್ಣ ಇಪ್ಪತ್ತೆಂಟು ವರ್ಷ ಹಲ್ಲಿನ ಡಾಕ್ಟರಾಗಿದ್ದವನು. ಎರಡು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು. ಬಾಯಿ ತೆರೆದು ಮಲಗಿದ ಹೆಂಗಸೊಬ್ಬಳು ಆ ಕೈಯನ್ನು ನೋಡಿ ಮೆಲ್ಲಗೆ ಬಾಯಿ ಮುಚ್ಚಿಕೊಂಡ ದಿನ ದವಾಖಾನೆಗೆ ಬೀಗ ಹಾಕಿದ. ಉಳಿದದ್ದು ಇಟ್ಟಿಗೆಯ ಡಬ್ಬಗಳು. ಇಟ್ಟಿಗೆಯ ತಲೆ ಮೇಲಿನ ಉಬ್ಬುಗಳಿಗೆ ಅವನು ಹಲ್ಲು ಅನ್ನುತ್ತಿದ್ದ. ಎಂಟು ಹಲ್ಲು ಉದ್ದ, ಎಂಟು ಹಲ್ಲು ಅಗಲ. ಈ ಸಲದ್ದು ದವಾಖಾನೆಯ ಕಾಯುವ ಕೋಣೆ: ಎರಡು ಕುರ್ಚಿ, ಮೂರು ಮೆಟ್ಟಿಲು, ಹಿಡಿದು ಹತ್ತಲು ಅದಕ್ಕೊಂದು ಕೈಹಿಡಿ, ಕೋಟು ನೇತುಹಾಕುವ ಕಂಬ, ಉದ್ದ ಕಾಲಿನ ದೀಪ. ಕೆನ್ನೆಗೆ ಕೈ ಒತ್ತಿಕೊಂಡ ಗೊಂಬೆಯೊಂದು ಒಳಗೆ ಹೋಗಲೋ ಓಡಿಹೋಗಲೋ ಎಂದು ಬಾಗಿಲ ಕಡೆ ಅರ್ಧ ತಿರುಗಿ ಕೂತಿತ್ತು.

"ಇದೂ ಕೈಲಾಗಲ್ಲ ಅಂತ ಗೊತ್ತಾದ ದಿನ ಡಬ್ಬ ಎಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೀನಿ, ಗುಬ್ಬಿ," ಎಂದು ಅಣ್ಣ ಹೋದ ತಿಂಗಳು ತಂಗಿಗೆ ಹೇಳಿದ್ದ. ಊಟಕ್ಕೆ ಉಪ್ಪು ಸಾಲದು ಅನ್ನುವಷ್ಟೇ ಸಹಜವಾಗಿ ಹೇಳಿದ್ದ. ಅದಾದ ಮೇಲೆ ಅವನೇನು ಮಾಡಿಕೊಂಡು ದಿನ ಕಳೆಯುತ್ತಾನೆ ಎಂಬುದನ್ನು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ನಿನ್ನೆ ಅವನ ಕೈ ತಾಗಿ ದೀಪ ಉರುಳಿತ್ತು. ದೀಪ ಕೈಹಿಡಿಯನ್ನು ಕೆಡವಿತು, ಕೈಹಿಡಿ ಕಂಬವನ್ನು. ಮತ್ತೆ ನಿಲ್ಲಿಸಲು ಎರಡು ಗಂಟೆ ಹಿಡಿಯಿತು. ಆಮೇಲೆ ಅಣ್ಣ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದ. ಇವತ್ತು ಬೆಳಗ್ಗೆ ಅವನು ಸ್ನಾನಕ್ಕೆ ಹೋದಾಗ ತಂಗಿ ಬೆಂಕಿಕಡ್ಡಿಯ ತುದಿಯಲ್ಲಿ ಅಂಟು ತೆಗೆದುಕೊಂಡು ಆ ಮೂರಕ್ಕೂ ಒಂದೊಂದು ಹನಿ ಮುಟ್ಟಿಸಿದಳು. ಅವಳು ಫೋಟೋ ಸ್ಟುಡಿಯೋದವಳು. ಫೋಟೋದಲ್ಲಿನ ಕಲೆಗಳನ್ನು ಯಾರಿಗೂ ಗೊತ್ತಾಗದ ಹಾಗೆ ತಿದ್ದಿ ತಿದ್ದಿ ಕೈ ಪಳಗಿತ್ತು. ಬಸ್ಸಿನ ಕುಲುಕಾಟಕ್ಕೂ ಏನೂ ಅಲುಗದೆ ಇದ್ದದ್ದು ನೋಡಿ ಅಣ್ಣ ಖುಷಿಪಟ್ಟ. "ನೋಡಿದ್ಯಾ, ಎಷ್ಟು ಬಿಗಿಯಾಗಿ ಕೂರಿಸಿದೀನಿ," ಅಂದ. 

ತೀರ್ಪುಗಾರ್ತಿಗೊಂದು ಚಾಳಿ ಇದ್ದದ್ದನ್ನು ತಂಗಿ ಹಿಂದಿನ ಎರಡು ಮೇಜುಗಳಲ್ಲಿ ಗಮನಿಸಿದ್ದಳು. ಅವರು ತೆಳ್ಳಗೆ, ಎತ್ತರಕ್ಕೆ, ನಿಲ್ಲುವುದೇ ಕಷ್ಟ ಎನ್ನುವಂಥ ತುಂಡಿಗೇ ಕೈ ಹಾಕುತ್ತಿದ್ದರು. ತಂಗಿ ಹಲಗೆಯನ್ನು ಮೆಲ್ಲಗೆ ತಿರುಗಿಸಿ ದೀಪ ಹಿಂದಕ್ಕೆ ಬರುವಂತೆ ಮಾಡಿದಳು.

"ಯಾಕೆ ತಿರುಗಿಸ್ತೀಯ?"

"ಬೆಳಕು ಚೆನ್ನಾಗಿ ಬೀಳ್ಲಿ ಅಂತ."

"ದೀಪಾನೇ ಹಿಂದೆ ಹಾಕಿ ಬೆಳಕಂತೆ," ಎಂದು ಅಣ್ಣ ಅದನ್ನು ಮೊದಲಿದ್ದ ಹಾಗೇ ತಿರುಗಿಸಿದ.

ಪಕ್ಕದ ಮೇಜಿನ ನಿವೃತ್ತ ಪೋಸ್ಟ್‌ಮ್ಯಾನ್ ಮೀನಿನ ಅಂಗಡಿ ಕಟ್ಟಿ ತಂದಿದ್ದ. ಅವನ ಅಂಗಡಿಯ ತಕ್ಕಡಿ ಚಿಮುಟಕ್ಕೆ ಸಲೀಸಾಗಿ ಬಂತು. "ಡಾಕ್ಟ್ರೇ," ಎಂದು ಇತ್ತ ಬಗ್ಗಿದ, "ಇಷ್ಟು ವರ್ಷ ನೀವು ಕಿತ್ರಿ, ನಾವು ಕಿರುಚಿದ್ವಿ. ಇವತ್ತು ನಿಮ್ಮ ಸರದಿ."

"ನಿನ್ನ ದವಡೆ ಹಲ್ಲು ಕಿತ್ತಾಗ ನೀನು ಕಿರುಚಿದ್ದಕ್ಕೆ ಎದುರುಗಡೆ ಅಂಗಡಿಯವನು ಬಾಗಿಲು ಹಾಕ್ಕೊಂಡು ಹೋದ."

ತೀರ್ಪುಗಾರ್ತಿ ನಗುತ್ತಲೇ ಈ ಮೇಜಿಗೆ ಬಂದರು. ಬಗ್ಗಿದರು. ಮೊದಲು ಹಿಂದಿನ ಫೋಟೋ ನೋಡಿದರು. ಅದು ತಂಗಿ ನೆಲಮಟ್ಟಕ್ಕೆ ಕ್ಯಾಮೆರಾ ಇಟ್ಟು ತೆಗೆದದ್ದು. ಅದರಲ್ಲಿ ಆ ಕೋಣೆ ನಿಜವಾದ ಕೋಣೆಯಷ್ಟೇ ದೊಡ್ಡದಾಗಿ, ಗೊಂಬೆಯ ಹಲ್ಲುನೋವು ನೋಡುವವರ ಕೆನ್ನೆಗೂ ಹತ್ತುವಂತಿತ್ತು. ಆಮೇಲೆ ಚಿಮುಟ ದೀಪದ ಕಡೆ ಹೋಯಿತು. ಚಿಮುಟ ದೀಪವನ್ನು ದಾಟಿ ಕುರ್ಚಿಯ ಮೇಲಿದ್ದ ಪತ್ರಿಕೆಯನ್ನು ಎತ್ತಿತು. ಟಕ್. ಬಂತು. ಬೆಳಕಿಗೆ ಹಿಡಿದರು, ವಾಪಸು ಇಟ್ಟರು, ಪಟ್ಟಿಯಲ್ಲಿ ಗುರುತು ಹಾಕಿದರು.

ಅಲ್ಲಿಗೆ ಮುಗಿಯಬೇಕಿತ್ತು.

"ಮೇಡಂ, ಡಾಕ್ಟ್ರಿಗೆ ಅಂತ ಹಾಲುಹಲ್ಲು ಕಿತ್ರಾ?" ಎಂದ ಪೋಸ್ಟ್‌ಮ್ಯಾನ್.

ಅಣ್ಣನ ಮುಖ ಕೆಂಪಾಯಿತು. "ಅವನು ಹೇಳೋದು ಸರಿ. ನಂಗೆ ರಿಯಾಯಿತಿ ಬೇಡ. ದೀಪ ಕೀಳಿ."

"ಒಂದು ಸಾಕು, ಡಾಕ್ಟ್ರೇ. ಆಗ್ಲೇ ಬರ್ದಾಯ್ತು."

"ಹಾಗಾದ್ರೆ ನಾನೇ ಕಿತ್ತು ತೋರಿಸ್ತೀನಿ. ಕೊಡಿ ಇಲ್ಲಿ."

"ಅಣ್ಣಾ, ಬೇಡ ಬಿಡು," ಅಂದಳು ತಂಗಿ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಚಿಮುಟ ಅವನ ಕೈಗೆ ಬಂದದ್ದೇ ನಡುಗತೊಡಗಿತು. ಅವನು ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು, ಮೊಣಕೈಯನ್ನು ಮೇಜಿಗೆ ಊರಿ, ಉಸಿರು ಬಿಟ್ಟು ಮುಗಿಸಿದ ಮೇಲೆ ದೀಪದ ಕುತ್ತಿಗೆ ಹಿಡಿದ. ಸರಿಯಾಗಿಯೇ ಹಿಡಿದ. ಎಳೆದ. ದೀಪ ಬರಲಿಲ್ಲ. ಇನ್ನೊಮ್ಮೆ ಎಳೆದ. ಅವನ ಬೆರಳ ನಡುಕ ದೀಪಕ್ಕಿಳಿದು, ಇಡೀ ಕೋಣೆ ನಡುಗಿತು. ಮೂರನೆಯ ಸಲ ಚಿಮುಟ ಜಾರಿತು.

ತೀರ್ಪುಗಾರ್ತಿ ನೋಡಿದ್ದು ಅವನ ಕೈಯನ್ನು, ದೀಪವನ್ನಲ್ಲ. ಪೋಸ್ಟ್‌ಮ್ಯಾನ್ ತನ್ನ ಮೀನುಗಳನ್ನು ನೋಡುತ್ತ ನಿಂತ.

ಅಣ್ಣ ಚಿಮುಟವನ್ನು ಮೇಜಿನ ಮೇಲಿಟ್ಟ. "ಬೆರಳಲ್ಲಿ ಕಸುವೇ ಇಲ್ಲ ಮೇಡಂ," ಅಂದ. "ನಿನ್ನೆವರೆಗೂ ಇತ್ತು."

"ಪರವಾಗಿಲ್ಲ ಡಾಕ್ಟ್ರೇ. ನಿಮ್ದು ಪಟ್ಟಿಯಲ್ಲಿದೆ," ಎಂದು ಅವರು ಮೆತ್ತಗೆ ಹೇಳಿ ಮುಂದಿನ ಮೇಜಿಗೆ ಹೋದರು.

ಅಣ್ಣ ಕುರ್ಚಿಯಲ್ಲಿ ಕೂತ. ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡ. "ಗುಬ್ಬಿ, ಸೋಮವಾರ ಡಬ್ಬಗಳನ್ನ ಕಟ್ಟಿಡು. ಆ ಬೀದಿ ಮೂಲೆ ಶಾಲೆಯವರು ಕೇಳ್ತಿದ್ರಲ್ಲ, ಅವರಿಗೇ ಹೋಗ್ಲಿ."

ಸುಮ್ಮನಿದ್ದರೆ ದೃಶ್ಯ ಪಟ್ಟಿಯಲ್ಲಿ ಉಳಿಯುತ್ತದೆ. ಬಹುಮಾನವೂ ಬರಬಹುದು. ಅವಳು ಮಾಡಿದ್ದು ಬೆಂಕಿಕಡ್ಡಿಯ ಜತೆ ಕಸಕ್ಕೆ ಹೋಗುತ್ತದೆ. ಬಾಯಿ ಬಿಟ್ಟರೆ ಹೆಸರು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವನ ಕೈಯನ್ನು ನಂಬದೆ ಬಾಯಿ ಮುಚ್ಚಿಕೊಂಡ ಆ ಹೆಂಗಸಿನ ಸಾಲಿನಲ್ಲಿ ತನ್ನ ತಂಗಿಯೂ ನಿಂತಿದ್ದಾಳೆಂದು ಅವನಿಗೆ ಗೊತ್ತಾಗುತ್ತದೆ. ಅವಳು ಅವನ ತೊಡೆಯನ್ನು ನೋಡಿದಳು. ಪ್ಯಾಂಟಿನ ಬಟ್ಟೆ ಸಣ್ಣಗೆ ಅದುರುತ್ತಿತ್ತು.

"ಅಣ್ಣಾ, ನಿನ್ನ ಕೈಯಲ್ಲಿ ಕಸುವಿದೆ. ಅದು ಯಾರು ಎಳೆದ್ರೂ ಬರಲ್ಲ," ಅಂದಳು. "ಅಂಟು ಹಾಕಿದೀನಿ."

ಅಣ್ಣ ಅವಳ ಕಡೆ ತಿರುಗಲಿಲ್ಲ. ಕೈ ಹೊರಗೆ ತೆಗೆದು ಚಿಮುಟ ಎತ್ತಿಕೊಂಡ. ಕುರ್ಚಿಯ ಮೇಲಿನ ಪತ್ರಿಕೆ ಹಿಡಿದ. ಎರಡು ಸಲ ತಪ್ಪಿತು, ಮೂರನೆಯ ಸಲ ಬಂತು. ಗೊಂಬೆಯ ಟೋಪಿ ಹಿಡಿದ. ಬಂತು. ಅದನ್ನು ಸ್ವಲ್ಪ ಹೊತ್ತು ಹಾಗೇ ಎತ್ತಿ ಹಿಡಿದುಕೊಂಡಿದ್ದ.

"ಎಷ್ಟಕ್ಕೆ?"

"ಮೂರಕ್ಕೆ. ದೀಪ, ಕೈಹಿಡಿ, ಕಂಬ."

"ಯಾವಾಗ?"

"ನೀನು ಸ್ನಾನಕ್ಕೆ ಹೋದಾಗ."

"ಬಸ್ಸಲ್ಲಿ ನಾನು ಬಿಗಿಯಾಗಿ ಕೂರಿಸಿದೀನಿ ಅಂತ ಜಂಬ ಕೊಚ್ಕೊಂಡಾಗ ನೀನು ಏನಂದೆ?"

"ಹೂಂ ಅಂದೆ."

"ಹೂಂ ಅಂದೆ," ಎಂದು ಅವನೂ ಅಂದ. ಎದ್ದು ನಿಂತು ತೀರ್ಪುಗಾರ್ತಿಯನ್ನು ಕರೆದ. "ಮೇಡಂ, ಇದ್ರಲ್ಲಿ ಅಂಟಿದೆ. ಹೆಸರು ಹೊಡೆದುಹಾಕಿ."

ಅವರು ಅಣ್ಣನನ್ನೂ ತಂಗಿಯನ್ನೂ ಒಮ್ಮೆ ನೋಡಿದರು. ಯಾರು ಹಾಕಿದ್ದು ಎಂದು ಕೇಳಲಿಲ್ಲ. ಪಟ್ಟಿಯಲ್ಲಿ ಗೆರೆ ಎಳೆದು, ಮೇಜಿನ ಅಂಕಿಯ ಚೀಟಿ ಎತ್ತಿಕೊಂಡರು.

"ಮೇಜು ಸಂಜೆವರೆಗೂ ನಮ್ಗಿರುತ್ತಾ?" ಎಂದು ಅಣ್ಣ ಕೇಳಿದ.

"ಇರ್ಲಿ ಡಾಕ್ಟ್ರೇ. ಯಾರೂ ಏಳಿಸಲ್ಲ."

ಅವನು ದೀಪವನ್ನು ಬೆರಳಲ್ಲೇ ಹಿಡಿದು ಮುರಿದ. ಬುಡದ ಜತೆ ಹಲಗೆಯ ಒಂದು ಹಲ್ಲೂ ಕಿತ್ತುಬಂತು. ಕೈಹಿಡಿ ಎರಡಾಯಿತು. ಕಂಬ ಮುರಿದ ಸದ್ದಿಗೆ ಆಚೆ ಸಾಲಿನವರೂ ತಿರುಗಿ ನೋಡಿದರು. ಪೋಸ್ಟ್‌ಮ್ಯಾನ್ ತನ್ನ ಡಬ್ಬವನ್ನು ಕೆದಕಿ, ಒಂದು ಹೊಸ ಹಲಗೆಯನ್ನೂ ನಾಲ್ಕಾರು ಉದ್ದನೆಯ ತುಂಡುಗಳನ್ನೂ ಇತ್ತ ತಳ್ಳಿದ.

"ಮೀನಿನ ವಾಸನೆ ಬರುತ್ತೇನೋ," ಎಂದ ಅಣ್ಣ.

"ತೊಳೆದಿದೀನಿ," ಎಂದ ಪೋಸ್ಟ್‌ಮ್ಯಾನ್.

ತಂಗಿ ಮುರಿದ ಚೂರುಗಳನ್ನು ಆಯ್ದುಕೊಳ್ಳಲು ಕೈ ಚಾಚಿದಳು.

"ಮುಟ್ಬೇಡ. ಆ ಕಡೆ ಹೋಗಿ ಎದುರಿಗೆ ಕೂತ್ಕೋ."

ಅವಳು ಮೇಜು ಸುತ್ತಿ ಹೋಗಿ ಎದುರಿಗೆ ಕೂತಳು. ಮಡಿಲಲ್ಲಿ ಕೈ ಕಟ್ಟಿಕೊಂಡಳು.

"ಕೈ ಮೇಲಿಡು. ಎರಡೂ. ನಂಗೆ ಕಾಣೋ ಹಾಗೆ."

ಅವಳು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಹರಡಿದಳು. ಅಣ್ಣ ಒಮ್ಮೆ ಅವನ್ನು ನೋಡಿ, ಹೊಸ ಹಲಗೆಯ ಮೇಲೆ ಮೊದಲ ಮೆಟ್ಟಿಲು ಇಟ್ಟ. ಎರಡನೆಯದು. ಮೂರನೆಯದು ವಾರೆಯಾಗಿ ಕೂತಿತು, ತೆಗೆದು ಮತ್ತೆ ಇಟ್ಟ. ಕೈಹಿಡಿಯ ತುಂಡು ಚಿಮುಟದಿಂದ ಜಾರಿ ಉರುಳುತ್ತ ಬಂದು ಅವಳ ಹೆಬ್ಬೆರಳಿಗೆ ತಾಗಿ ನಿಂತಿತು. ಅವಳು ಅಲುಗಲಿಲ್ಲ. ಅಣ್ಣ ಅರ್ಧ ಎದ್ದು, ಕೈ ನೀಡಿ, ನಾಲ್ಕು ಸಲ ತಡಕಾಡಿ ಅದನ್ನು ಎತ್ತಿಕೊಂಡ.