ಹಸಿದ ಸಾಲು

"ನನ್ನ ಗಿಡಕ್ಕೆ ಬೂದಿ ನೀರು ಹುಯ್ದೋರು ಯಾರು? ಹೇಳಿ ಮಾವ."

ತಾರಸಿಯಿಂದ ಧನುಶ್ರೀ ಕೇಳಿದ್ದು ಕುಂಬಾರಕೊಪ್ಪಲಿನ ಅರ್ಧ ಬೀದಿಗೆ ಕೇಳಿಸಿತು. ನಾನು ಆಗಷ್ಟೇ ವೆಲ್ಡಿಂಗ್ ಅಂಗಡಿಯಿಂದ ಬಂದಿದ್ದೆ. ಬಾಯಿ ಮುಚ್ಚು, ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದಾರೆ ಎಂದು ಬೈದೆ. ನೋಡಲಿ ಎಂದಳು.

ಅವಳು ನನ್ನ ಅಕ್ಕನ ಮಗಳು. ಎರಡು ಸಾವಿರದ ಎರಡನೇ ಇಸವಿ, ಸಸ್ಯಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತ ನಮ್ಮ ಮನೆಯಲ್ಲೇ ಇದ್ದಳು. ಕಾಲೇಜಿನ ಗಾಜಿನಮನೆ ಒಡೆದುಹೋಗಿದ್ದರಿಂದ ನಮ್ಮ ತಾರಸಿಯಲ್ಲಿ ಕುಂಡಗಳಿಗೆ ಮರಳು ತುಂಬಿ ಹರಳು ಗಿಡ ಬೆಳೆಸಿದ್ದಳು. ಒಂದು ಸಾಲಿಗೆ ಪೊಟ್ಯಾಶ್ ಕೊಡುತ್ತಿದ್ದಳು, ಇನ್ನೊಂದಕ್ಕೆ ಇಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆ ಕಾಂಡದ ಸಣ್ಣ ನಾಳಗಳಲ್ಲಿ ಇಳಿಯುತ್ತದಂತೆ. ಆ ನಾಳದ ಗೋಡೆಯಲ್ಲಿ ಪೊಟ್ಯಾಶ್ ಮಾತ್ರ ನುಸುಳುವ ಬಾಗಿಲುಗಳಿವೆ, ಸಕ್ಕರೆ ಸಾಗಿಸಲು ಅವೂ ಬೇಕು. ಹಸಿದ ಗಿಡ ಆ ಬಾಗಿಲುಗಳನ್ನು ಹೇಗೆ ತೆರೆದು ಮುಚ್ಚುತ್ತದೆ ಎಂಬುದೇ ಅವಳ ಕೆಲಸ. ಈ ಮಳೆಗಾಲದೊಳಗೆ ಕಾಂಡ ಕುಯ್ದು ರಸ ಪರೀಕ್ಷೆ ಮಾಡದಿದ್ದರೆ ಗೈಡು ಆ ವಿಷಯವನ್ನು ಬೇರೆಯವರಿಗೆ ಕೊಡುವವರಿದ್ದರು.

ಹಸಿದ ಸಾಲಿನ ಎಲೆಯಂಚು ಸುಟ್ಟಂತೆ ಹಳದಿಯಾಗಬೇಕಿತ್ತು. ಆಗಲೇ ಇಲ್ಲ. ಅವತ್ತು ಅವಳು ಬಗ್ಗಿ ನೋಡಿದಾಗ ಮರಳಿನ ಮೇಲೆ ಬಿಳಿ ಪೊರೆ ಕಟ್ಟಿತ್ತು.

ನಮ್ಮಪ್ಪ ಸಿದ್ದಲಿಂಗಸ್ವಾಮಿ ಮೆಟ್ಟಿಲು ಹತ್ತಿ ಬಂದರು. ದಿನಾ ಲಿಂಗಪೂಜೆ ಮಾಡುವವರು. ವಿಭೂತಿ ತೊಳೆದ ಪೂಜೆಯ ನೀರನ್ನು ಜನ ತುಳಿಯುವಲ್ಲಿ ಚೆಲ್ಲಬಾರದು, ಗಿಡದ ಬುಡಕ್ಕೇ ಹಾಕಬೇಕು. ಅಂಗಳಕ್ಕೆ ನಾನು ಸಿಮೆಂಟು ಹಾಕಿಸಿದ್ದೆ.

"ನಾನೇ ಕಣವ್ವ," ಎಂದರು. "ಇಡೀ ಮನೇಲಿ ಗಿಡ ಅಂತ ಇರೋದು ನಿನ್ನವೇ. ಆ ಸಾಲು ಬಡವಾಗಿ ಕಾಣ್ತು, ಅದಕ್ಕೇ ಹಾಕ್ದೆ."

ವಿಭೂತಿ ಸಗಣಿ ಸುಟ್ಟ ಬೂದಿ, ಅದರಲ್ಲಿ ಪೊಟ್ಯಾಶ್ ಇದೆ, ಹಸಿಯಬೇಕಾದ ಗಿಡಗಳು ದಿನವೂ ಉಂಡಿವೆ ಎಂದಳು. ಉಪವಾಸ ಕೆಡವಿದವಳು ನೀನು, ಉಣ್ಣಿಸಿದವರದ್ದು ತಪ್ಪಾ ಎಂದು ನಾನು ಚುಚ್ಚಿದೆ. ಅವಳು ನಗಲಿಲ್ಲ. ಹೊಸದಾಗಿ ಬೀಜ ಹಾಕುತ್ತೇನೆ, ಇನ್ನು ಮೇಲೆ ಕುಂಡದ ಹತ್ತಿರ ಬರಬೇಡಿ ಎಂದು ಅಪ್ಪನನ್ನೇ ಕೇಳಿಕೊಂಡಳು.

ಅಪ್ಪ ಅದಕ್ಕೆ ಒಪ್ಪಿದರು. ಪಕ್ಕದ ಮನೆಯ ತೆಂಗಿನ ಬುಡಕ್ಕೆ ಹಾಕುತ್ತೇನೆ ಎಂದರು. ಅವರಿಗೆ ನೋವಾಗಿದ್ದು ಬೇರೆಯದಕ್ಕೆ.

"ಮೈಮೇಲೆ ಧರಿಸೋದನ್ನ ಬೂದಿ ಅಂದ್ಬುಟ್ಟೆ. ಆ ಮಾತು ವಾಪಸ್ ತಗೋ."

"ತಾತ, ನೀವು ಏನಂತ ಕರೆದ್ರೂ ಗಿಡಕ್ಕೆ ಅದು ಬೂದೀನೇ."

ನನಗೆ ತಲೆ ಕೆಟ್ಟಿತು. ಅವರ ಕಾಲಿಗೆ ಬೀಳು, ಇಲ್ಲ ಕುಂಡ ಎತ್ಕೊಂಡು ನಡಿ ಎಂದೆ. ಅಪ್ಪ, ಬುಡೋ ಹೋಗ್ಲಿ, ಮಗು ಎಂದು ನನ್ನ ತೋಳು ಹಿಡಿದರು. ನಾನು ಕೊಡವಿಕೊಂಡೆ.

ಅವಳು ಆಟೋ ಕರೆತಂದು, ಪೊಟ್ಯಾಶ್ ಉಂಡ ಸಾಲನ್ನು ಒಂದೊಂದೇ ಕುಂಡವಾಗಿ ತಾನೇ ಇಳಿಸಿದಳು. ಬೀಜದ ಡಬ್ಬಿಯನ್ನು ಬಗಲಿನ ಚೀಲಕ್ಕೆ ಹಾಕಿಕೊಂಡಳು. ಕೆಟ್ಟ ಸಾಲನ್ನು ಮುಟ್ಟಲಿಲ್ಲ.

ಬಟ್ಟೆಬರೆಗೆ ಸಂಜೆ ಬರ್ತೀಯೇನವ್ವ ಎಂದು ಅಪ್ಪ ಬಾಗಿಲಲ್ಲಿ ಕೇಳಿದರು. ನೋಡ್ತೀನಿ ತಾತ ಎಂದು, ಕುಂಡಗಳ ನಡುವೆ ಕಾಲು ಮಡಿಸಿಕೊಂಡು ಆಟೋದಲ್ಲಿ ಕೂತಳು. ಸಂಜೆ ಬರಲಿಲ್ಲ. ಆಮೇಲೂ ಬರಲಿಲ್ಲ.